ಕಿವಿ ಮುಚ್ಚುವ ಹೆಡ್‌ಫೋನಾ, ಕಿವಿಯೊಳಗಿನ ಬಡ್ಸಾ? ಫೋನು, ಲ್ಯಾಪ್‌ಟಾಪು, ಟಿವಿ ಮೂರಕ್ಕೂ ಹಾಕಿ ನೋಡಿದ್ದು

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಗೊಳ್ಳಬೇಕು, ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಅದನ್ನು ಯಾವುದಕ್ಕೆಲ್ಲ ಜೋಡಿಸ್ತೀರಿ? ಬರೀ ಫೋನಿಗಾ? ಆಫೀಸಿನ ಲ್ಯಾಪ್‌ಟಾಪಿಗೂ ಬೇಕಾ? ಮನೆ ಟಿವಿಗೂ ಹಾಕುವ ಆಸೆ ಇದೆಯಾ? ಎಷ್ಟು ಡೆಸಿಬೆಲ್ ಶಬ್ದ ತಗ್ಗಿಸುತ್ತದೆ ಅನ್ನುವುದು ಆಮೇಲಿನ ಮಾತು.

ನಮ್ಮ ಮನೆಯಲ್ಲಿ ಎರಡು ಜಾತಿಯವು ಇವೆ. ಒಂದು, ಇಡೀ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್. ಸುಮಾರು ಹತ್ತು ಸಾವಿರದ್ದು. ಇನ್ನೊಂದು, ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಬಡ್ಸ್. ಮೂರು ಸಾವಿರದ ಆಸುಪಾಸಿನದು. ಎರಡರಲ್ಲೂ ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್ ಇದೆ, ಎರಡೂ ಬ್ಲೂಟೂತ್. ಕಂಪನಿ, ಮಾಡೆಲ್ ಹೆಸರು ಬೇಡ. ಮಾಡೆಲ್‌ಗಳು ಬೇಗ ಬೇಗ ಬದಲಾಗುತ್ತವೆ, ಜಾತಿಯ ಗುಣ ಅಷ್ಟು ಬೇಗ ಬದಲಾಗುವುದಿಲ್ಲ. ನಾನಿರುವುದು ತುಮಕೂರಿನ ಎಸ್‌ಎಸ್ ಪುರಂನಲ್ಲಿ. ವಾರದಲ್ಲಿ ಕೆಲವು ದಿನ ಬೆಂಗಳೂರಿಗೆ ಓಡಾಟ, ಉಳಿದ ದಿನ ಮನೆಯಿಂದಲೇ ಕೆಲಸ. ಹಾಗಾಗಿ ಬಸ್ಸು, ರೈಲು, ಅಡುಗೆಮನೆ ಪಕ್ಕದ ಮೇಜು, ಹಾಲ್‌ನ ಟಿವಿ ಎಲ್ಲ ಕಡೆ ಎರಡನ್ನೂ ಅದಲುಬದಲು ಮಾಡಿ ಹಾಕಿದ್ದೇನೆ.

ಮೊದಲು ಓಡಾಟ. ಎಎನ್‌ಸಿ ಮಾಡುವ ಕೆಲಸ ಇಷ್ಟೇ. ಹೊರಗಿನ ಶಬ್ದವನ್ನು ಒಂದು ಪುಟ್ಟ ಮೈಕ್ ಹಿಡಿಯುತ್ತದೆ. ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆ ತಯಾರಿಸಿ ಸ್ಪೀಕರಿಗೆ ಕೊಡುತ್ತದೆ. ಎರಡು ಅಲೆ ಸೇರಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ಸಮ ಗುಂಯ್‌ಗುಡುವ ದಪ್ಪ ಶಬ್ದಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಹಾರ್ನ್, ಕೂಗಾಟ, ಪಾತ್ರೆ ಬಿದ್ದ ಸದ್ದಿಗೆ ಅಷ್ಟಾಗಿ ನಡೆಯುವುದಿಲ್ಲ. ಈ ಉಪಾಯಕ್ಕೆ ಜರ್ಮನಿಯ ಪೌಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಆದರೆ ಕಿವಿಗೆ ಬಂದದ್ದು ಬಹಳ ತಡವಾಗಿ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದ, ಬೋಸ್ ಸ್ಪೀಕರ್ ಕಂಪನಿ ಕಟ್ಟಿದ ಅಮರ್ ಬೋಸ್, ವಿಮಾನದ ಸದ್ದಿನಲ್ಲಿ ಸಂಗೀತ ಸರಿಯಾಗಿ ಕೇಳದೆ, ಅಲ್ಲೇ ಕೂತು ಇದರ ಲೆಕ್ಕ ಶುರು ಮಾಡಿದರು. ಅವರ ಕಂಪನಿ 1989ರಲ್ಲಿ ಪೈಲಟ್‌ಗಳಿಗಾಗಿ ಹೆಡ್‌ಸೆಟ್ ತಂದಿತು. ಇಂಜಿನ್ ಸದ್ದಿಗೆಂದೇ ಬೆಳೆದ ವಿದ್ಯೆ ಇದು. ನಮ್ಮ ಕೆಂಪು ಬಸ್ಸಿಗೂ ಸರಿಹೊಂದುತ್ತದೆ.

ಕ್ಯಾತ್ಸಂದ್ರ ಟೋಲ್ ದಾಟಿ ಬಸ್ಸು ಹೆದ್ದಾರಿಯಲ್ಲಿ ಓಡತೊಡಗಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ದೊಡ್ಡ ಹೆಡ್‌ಫೋನ್ ಹಾಕಿದರೆ ಇಂಜಿನ್ ಎಲ್ಲೋ ದೂರ ಹೋಗುತ್ತದೆ. ಕಂಡಕ್ಟರ್ ‘ಟಿಕೆಟ್ ಟಿಕೆಟ್’ ಅನ್ನುವುದು ಮಾತ್ರ ಕೇಳುತ್ತದೆ. ಒಳ್ಳೆಯದೇ ಆಯಿತು ಬಿಡಿ. ಬಡ್ಸ್ ಇದರ ಮುಕ್ಕಾಲು ಭಾಗ ಕೆಲಸ ಮಾಡುತ್ತದೆ, ಆದರೆ ಒಂದು ಷರತ್ತಿನ ಮೇಲೆ. ತುದಿಯ ರಬ್ಬರ್ ನಿಮ್ಮ ಕಿವಿಗೆ ಸರಿಯಾಗಿ ಕೂರಬೇಕು. ಡಬ್ಬಿಯಲ್ಲಿ ಮೂರು ಸೈಜ್ ಕೊಟ್ಟಿರುತ್ತಾರೆ. ಹಾಕಿಬಂದದ್ದನ್ನೇ ಬಳಸುವವರು ‘ಎಎನ್‌ಸಿ ಸುಮ್ನೆ ಹೆಸರಿಗೆ’ ಅಂತ ಗೊಣಗುತ್ತಾರೆ. ದೊಡ್ಡದರಲ್ಲೂ ಒಂದು ಕಿರಿಕಿರಿ ಇದೆ. ಕನ್ನಡಕದ ಕಡ್ಡಿ ಮೆತ್ತೆಯನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಆ ಸಂದಿಯಲ್ಲಿ ಸದ್ದು ನುಗ್ಗುತ್ತದೆ. ತೆಳು ಕಡ್ಡಿಯ ಕನ್ನಡಕ ಇದ್ದರೆ ಪರವಾಗಿಲ್ಲ. ಕಿಟಕಿ ತೆಗೆದಿದ್ದರೆ ಗಾಳಿ ನೇರ ಮೈಕಿಗೆ ಹೊಡೆದು ಎರಡರಲ್ಲೂ ಬುಸ್ ಅನ್ನುತ್ತದೆ. ಅರ್ಧ ಗಾಜು ಎಳೆದುಕೊಳ್ಳಬೇಕು ಅಷ್ಟೇ.

ಆದರೂ ಬಸ್ಸಿಗೆ ನಾನು ಒಯ್ಯುವುದು ಬಡ್ಸ್. ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡಬಹುದು. ದೊಡ್ಡದು ಹಾಕಿಕೊಂಡು ಒರಗಿದರೆ ಕಿವಿ ನೋಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಅದರ ಮೆತ್ತೆ ಒಳಗೆ ಬೆವರು ಬೇರೆ. ರೈಲಿಗಾದರೆ ದೊಡ್ಡದೇ ಸರಿ. ಬೆಳಗಿನ ರೈಲಲ್ಲಿ ನಿಂತೇ ಹೋಗುವ ಪಾಡು. ಆ ನೂಕುನುಗ್ಗಲಲ್ಲಿ ಒಂದು ಬಡ್ ಜಾರಿ ಕಾಲಡಿ ಬಿದ್ದರೆ ಯಶವಂತಪುರದವರೆಗೆ ಹುಡುಕುತ್ತಾ ಹೋಗಬೇಕು. ಸ್ಕೂಟರ್ ಮೇಲೆ ಎರಡೂ ಬೇಡ. ಹಿಂದಿನ ಲಾರಿ ಸದ್ದೇ ಕೇಳದಂತೆ ಮಾಡುವ ಸಾಧನ ಅದು.

ಫೋನಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎರಡೂ ಚೆನ್ನಾಗಿವೆ. ಬ್ಲೂಟೂತ್‌ನಲ್ಲಿ ದನಿಯನ್ನು ಹಿಂಡಿ ಕಳಿಸಲು ಬೇರೆ ಬೇರೆ ವಿಧಾನಗಳಿವೆ. ಅದರಲ್ಲಿ ಎಲ್‌ಡಿಎಸಿ ಇದೆ, ಸೆಕೆಂಡಿಗೆ 990 ಕಿಲೋಬಿಟ್ ಹರಿಯುತ್ತದೆ ಅಂತೆಲ್ಲ ಹೇಳುತ್ತಾರೆ. ಅದು ಆಂಡ್ರಾಯ್ಡ್‌ನಲ್ಲಿ ಸಿಗುತ್ತದೆ. ಐಫೋನ್ ಬ್ಲೂಟೂತ್ ಹೆಡ್‌ಫೋನಿಗೆ ಎಎಸಿ ಅನ್ನುವ ಇನ್ನೊಂದು ವಿಧಾನದಲ್ಲೇ ಕಳಿಸುತ್ತದೆ. ಓಡುವ ಬಸ್ಸಲ್ಲಿ ಕೂತು ಈ ವ್ಯತ್ಯಾಸ ಹುಡುಕುವಷ್ಟು ಸೂಕ್ಷ್ಮ ಕಿವಿ ನನಗಿಲ್ಲ.

ಲ್ಯಾಪ್‌ಟಾಪಿನ ಕಥೆ ಬೇರೆ. ಇಲ್ಲಿ ಹತ್ತು ಸಾವಿರದ್ದೂ ಮುಗ್ಗರಿಸುತ್ತದೆ, ಮೂರು ಸಾವಿರದ್ದೂ ಮುಗ್ಗರಿಸುತ್ತದೆ. ಹಾಡು ಹಾಕಿದರೆ ಸೊಗಸಾಗಿ ಕೇಳುತ್ತದೆ. ಮೀಟಿಂಗ್‌ಗೆ ಸೇರಿದ ಕೂಡಲೇ ಎಲ್ಲರ ದನಿಯೂ ಹಳೇ ಲ್ಯಾಂಡ್‌ಲೈನಿನಲ್ಲಿ ಟ್ರಂಕ್ ಕಾಲ್ ಮಾಡಿದ ಹಾಗೆ ಆಗಿಬಿಡುತ್ತದೆ. ಹೆಡ್‌ಫೋನ್ ಕೆಟ್ಟಿತು ಅಂದುಕೊಳ್ಳುವವರೇ ಜಾಸ್ತಿ. ಕೆಟ್ಟಿರುವುದಿಲ್ಲ. ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಮಾತಿಗೆ ಇನ್ನೊಂದು ದಾರಿ. ಹಾಡಿನ ದಾರಿಯಲ್ಲಿ ಸ್ಟೀರಿಯೊ ಬರುತ್ತದೆ, ಆದರೆ ಅಲ್ಲಿ ಮೈಕಿಗೆ ಜಾಗವಿಲ್ಲ. ಮೈಕ್ ಬೇಕು ಅಂದ ತಕ್ಷಣ ಲ್ಯಾಪ್‌ಟಾಪ್ ಹ್ಯಾಂಡ್ಸ್‌ಫ್ರೀ ದಾರಿಗೆ ಇಳಿಯುತ್ತದೆ. ಅಲ್ಲಿ ಮೋನೊ, ಸ್ಯಾಂಪಲಿಂಗ್ (ದನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತದೆ ಅನ್ನುವುದು) ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್. ಸಿಡಿಯಲ್ಲಿ ಅದು 44.1. ಹಳೆಯ ವಿಂಡೋಸ್‌ನಲ್ಲಿ ಒಂದೇ ಹೆಡ್‌ಫೋನ್ ಎರಡು ಹೆಸರಲ್ಲಿ ಕಾಣಿಸುವುದೂ ಇದಕ್ಕೇ.

ಪೇಟೆಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಬ್ಲೂಟೂತ್ ಡಾಂಗಲ್ ಹಾಕಿಯೂ ನೋಡಿದೆ. ಏನೂ ಬದಲಾಗಲಿಲ್ಲ. ದಾರಿ ಅದೇ ಅಲ್ವಾ? ಕೈ ಹಿಡಿದದ್ದು ಪುಕ್ಕಟೆ ಉಪಾಯ. ಮೀಟಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ ಸ್ಪೀಕರ್ ಜಾಗದಲ್ಲಿ ಹೆಡ್‌ಫೋನ್ ಇಡಿ, ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದ್ದೇ ಇಡಿ. ಹೆಡ್‌ಫೋನಿನ ಮೈಕನ್ನು ಯಾರೂ ಮುಟ್ಟದಿದ್ದರೆ ದನಿ ಸ್ಟೀರಿಯೊದಲ್ಲೇ ಉಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಏನೆಂದರೆ, ನಮ್ಮ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅನ್ನುವುದು ಇಡೀ ಟೀಮಿಗೆ ಗೊತ್ತಾಗುತ್ತದೆ. ಮಾತಾಡದಾಗ ಮ್ಯೂಟ್ ಒತ್ತಿಡುವುದೇ ದಾರಿ.

ಇಲ್ಲಿ ದೊಡ್ಡದಕ್ಕೆ ಒಂದು ಹೆಚ್ಚುಗಾರಿಕೆ ಇದೆ. ಲ್ಯಾಪ್‌ಟಾಪು, ಫೋನು ಎರಡಕ್ಕೂ ಒಟ್ಟಿಗೆ ಅಂಟಿಕೊಂಡಿರುತ್ತದೆ. ಮಲ್ಟಿಪಾಯಿಂಟ್ ಅನ್ನುತ್ತಾರೆ. ಮೀಟಿಂಗ್ ಮಧ್ಯೆ ಮಗಳ ಕಾಲೇಜಿನಿಂದ ಫೋನ್ ಬಂದರೆ ಅದರಲ್ಲೇ ಎತ್ತಬಹುದು. ನನ್ನ ಬಡ್ಸ್‌ನಲ್ಲಿ ಅದಿಲ್ಲ. ಒಂದರಿಂದ ಬಿಡಿಸಿ ಇನ್ನೊಂದಕ್ಕೆ ಕೂಡಿಸುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ. ಮಲ್ಟಿಪಾಯಿಂಟಿನಲ್ಲೂ ತೊಂದರೆ ಇಲ್ಲವೆಂದಲ್ಲ. ಫೋನಿನಲ್ಲಿ ಯಾರೋ ಕಳಿಸಿದ ಶುಭೋದಯದ ವಿಡಿಯೊ ಕೈತಾಗಿ ಓಡಿದರೆ ಸಾಕು, ಮ್ಯಾನೇಜರ್ ದನಿ ಹೋಗಿ ಸುಪ್ರಭಾತ ಬರುತ್ತದೆ. ಆಂಡ್ರಾಯ್ಡ್ ಫೋನಾದರೆ ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನ್ ಹೆಸರಿನ ಪಕ್ಕ ಒತ್ತಿ, ‘ಮೀಡಿಯಾ ಆಡಿಯೊ’ ಆಫ್ ಮಾಡಿ, ಕರೆಗಳನ್ನು ಮಾತ್ರ ಆನ್ ಬಿಡಿ. ಆ ಕಾಟ ತಪ್ಪುತ್ತದೆ. ಬಡ್ಸ್ ಕಡೆಯಿಂದಲೂ ಒಂದು ಮಾತು. ಒಂದೇ ಕಿವಿಗೆ ಹಾಕಿಕೊಂಡು ಇನ್ನೊಂದು ಕಿವಿಯಲ್ಲಿ ಹಾಲಿನವನ ಬೆಲ್ ಕೇಳಿಸಿಕೊಳ್ಳಬಹುದು.

ಮನೆಯ ಸದ್ದಿನಲ್ಲಿ ಫ್ಯಾನು, ಬೋರ್‌ವೆಲ್ ಮೋಟರು ಎರಡೂ ಹೆಡ್‌ಫೋನಿಗೆ ಸುಲಭದ ತುತ್ತು. ಮಿಕ್ಸಿ ಅರ್ಧಂಬರ್ಧ. ಅದರ ಗುಡುಗು ಹೋಗುತ್ತದೆ, ಕಿರುಚಲು ಉಳಿಯುತ್ತದೆ.

ಟಿವಿಗೆ ಬಂದರೆ ಪಂದ್ಯ ಒಂದೇ ಕಡೆಗೆ ವಾಲುತ್ತದೆ. ರಾತ್ರಿ ಮಗಳು ಓದುತ್ತಾಳೆ, ಅಮ್ಮನಿಗೆ ಧಾರಾವಾಹಿ ಬಿಡಲಾಗದು. ಬಡ್ಸನ್ನು ಟಿವಿಗೆ ಜೋಡಿಸಿ ಅಮ್ಮನ ಕಿವಿಗೆ ಇಟ್ಟೆ. ಎರಡು ನಿಮಿಷಕ್ಕೆ ತೆಗೆದುಕೊಟ್ಟರು. ‘ಏನ್ಲಾ ಇದು, ಅವಳು ಬಾಯಿ ಮುಚ್ಚಿದ್ ಮೇಲೆ ಮಾತು ಬರ್ತೈತಲ್ಲ!’ ನಿಜ. ಬ್ಲೂಟೂತ್‌ನಲ್ಲಿ ದನಿಯನ್ನು ಹಿಂಡಿ, ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸೆಕೆಂಡಿನ ಒಂದು ಪಾಲು ಕಳೆದುಹೋಗುತ್ತದೆ. ಫೋನಿನಲ್ಲಿ ವಿಡಿಯೊ ನೋಡುವಾಗ ಇದು ಕಾಣುವುದಿಲ್ಲ. ಫೋನು ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತದೆ. ಟಿವಿಗೆ, ಅದರಲ್ಲೂ ಸೆಟ್‌ಟಾಪ್ ಬಾಕ್ಸ್‌ನಿಂದ ಬರುವ ಚಿತ್ರಕ್ಕೆ, ಆ ಹೊಂದಾಣಿಕೆ ಬಹಳಷ್ಟು ಸಲ ಇರುವುದಿಲ್ಲ. ‘ಆಡಿಯೊ ಡಿಲೇ’ ಸೆಟ್ಟಿಂಗ್ ಇದೆಯಲ್ಲ ಅನ್ನಬಹುದು. ಹೆಚ್ಚಿನ ಟಿವಿಗಳಲ್ಲಿ ಅದು ದನಿಯನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ, ಮುಂದಕ್ಕೆ ತರುವುದಿಲ್ಲ.

ದೊಡ್ಡ ಹೆಡ್‌ಫೋನೂ ಬ್ಲೂಟೂತ್‌ನಲ್ಲಿ ಹಾಗೇ. ಆದರೆ ಅದಕ್ಕೆ ತಂತಿ ಹಾಕುವ ತೂತಿದೆ, 3.5 ಮಿಲಿಮೀಟರಿನದು. ಡಬ್ಬಿಯಲ್ಲಿ ಬಂದ ತಂತಿ ಗಿಡ್ಡ. ಎಂಜಿ ರೋಡಿನ ಅಂಗಡಿಯಿಂದ ಉದ್ದದ ತಂತಿ ತಂದು ಟಿವಿಗೆ ಸಿಕ್ಕಿಸಿದೆ. ತುಟಿಗೂ ಮಾತಿಗೂ ತಾಳೆಯಾಯಿತು. ವೈರ್‌ಲೆಸ್ ಅಂತ ದುಡ್ಡು ಕೊಟ್ಟು ಕೊನೆಗೆ ವೈರೇ ಹಾಕಿದ್ದು ನೋಡಿ ಮಗಳು ನಕ್ಕಳು, ನಗಲಿ. ಚಾರ್ಜ್ ಮುಗಿದರೂ ತಂತಿಯಲ್ಲಿ ದನಿ ಬರುತ್ತದೆ, ಎಎನ್‌ಸಿ ಮಾತ್ರ ಇರುವುದಿಲ್ಲ. ಬಡ್ಸ್‌ಗೆ ಚಾರ್ಜ್ ಮುಗಿದರೆ ಮುಗಿಯಿತು. ಕೊಳ್ಳುವ ಮೊದಲು ನಿಮ್ಮ ಟಿವಿ ಹಿಂದೆ ಆ ತೂತು ಇದೆಯಾ ನೋಡಿಕೊಳ್ಳಿ. ಹೊಸ ಟಿವಿಗಳಲ್ಲಿ ಕೆಲವಕ್ಕೆ ಇಲ್ಲ.

ನನ್ನ ತೀರ್ಪು ಕೇಳಿದರೆ, ಎಲ್ಲ ಕೆಲಸವೂ ಫೋನಿನಲ್ಲೇ ಅನ್ನುವವರು ಬಡ್ಸ್ ತಗೊಂಡು ಉಳಿದ ದುಡ್ಡು ಜೇಬಲ್ಲಿ ಇಟ್ಟುಕೊಳ್ಳಲಿ. ಲ್ಯಾಪ್‌ಟಾಪು, ಟಿವಿ ಎರಡೂ ಇರುವ ಮನೆಗೆ ದೊಡ್ಡದು, ಅದೂ ತಂತಿಯ ತೂತು ಇರುವಂಥದ್ದು. ಇನ್ನು ಬಾಳಿಕೆ. ಬಡ್ಸ್‌ನ ಪುಟ್ಟ ಬ್ಯಾಟರಿ ಸೊರಗಿದರೆ ಬದಲಿಸುವುದು ಕಷ್ಟ, ಹೊಸದೇ ಕೊಳ್ಳಬೇಕು. ದೊಡ್ಡದರ ಮೆತ್ತೆ ಸಿಪ್ಪೆ ಸುಲಿದರೆ ಮೆತ್ತೆಯೊಂದನ್ನೇ ತರಿಸಿ ಹಾಕಬಹುದು.

ಅಂಗಡಿಯಲ್ಲಿ ಡಬ್ಬಿ ಮೇಲಿನ ಅಕ್ಷರ ಸರಿಯಾಗಿ ಓದಿ. ಅಗ್ಗದವುಗಳ ಮೇಲೆ ದಪ್ಪಗೆ ‘ಇಎನ್‌ಸಿ’ ಅಂತ ಇರುತ್ತದೆ. ಅದು ನಿಮ್ಮ ಮೈಕಿನ ಸುತ್ತಲ ಗಲಾಟೆಯನ್ನು ಆ ಕಡೆಯವರಿಗೆ ಕಡಿಮೆ ಮಾಡುವುದು. ನಿಮ್ಮ ಕಿವಿಗೆ ಬೀಳುವ ಬಸ್ಸಿನ ಸದ್ದಿಗೂ ಅದಕ್ಕೂ ಸಂಬಂಧ ಇಲ್ಲ. ನಿಮಗೆ ಬೇಕಾದ್ದು ‘ಎಎನ್‌ಸಿ’. ಅಂಗಡಿಯವರು ‘ಎರಡೂ ಒಂದೇ ಸಾರ್’ ಅಂದರೆ ಡಬ್ಬಿ ವಾಪಸ್ ಕೊಟ್ಟು ಪಕ್ಕದ ಅಂಗಡಿಗೆ ಹೋಗಿ.