ಟ್ರ್ಯಾಕ್ಟರ್ ಡೀಸೆಲ್ ಪಂಪ್ ಬಿಚ್ಚಿಸುವ ಮುಂಚೆ ಓದಿ: ವಾಷರ್ ಹೋಗಿದ್ದಕ್ಕೆ ₹14,500 ಕಳೆದುಕೊಂಡೆ

ಮಿನಿ ಟ್ರ್ಯಾಕ್ಟರ್ ಇರುವವರು, ಅದರಲ್ಲೂ ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಮಾಡುವವರು ದಯವಿಟ್ಟು ಪೂರ್ತಿ ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗ್ತಿದೆ. ಹದಿನೈದು ವರ್ಷದಿಂದ ಟ್ರ್ಯಾಕ್ಟರ್ ಓಡಿಸಿದವನು ನಾನು, ಆದರೂ ಮೋಸ ಹೋದೆ. ಪಂಪ್ ರಿಪೇರಿ ಮಾಡಿದ ಅಂಗಡಿ ಹೆಸರು ಬರೆಯುತ್ತಿಲ್ಲ. ವಿಜಯಪುರದಲ್ಲಿದೆ, ಅಷ್ಟೇ.

ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸೋದು) ಮುಗಿದು ಚಿಗುರು ಬಂದಿತ್ತು. ಮೇಲೆ ಮೋಡ. ಆ ಹೊತ್ತಿನಲ್ಲಿ ಡೌನಿ ಅನ್ನೋ ಬೂಷ್ಟು ರೋಗ ಬಂದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಗಲೇ ಟ್ರ್ಯಾಕ್ಟರ್ ಕೈಕೊಟ್ಟಿತು. ಔಷಧಿ ಹೊಡೆಯುವ ಬ್ಲೋವರ್ ಹಾಕಿ ಇಪ್ಪತ್ತು ನಿಮಿಷ ಓಡಿಸಿದರೆ ಇಂಜಿನ್ ಏರುತ್ತೆ, ಇಳಿಯುತ್ತೆ, ಆಮೇಲೆ ಬಂದ್. ಡೀಸೆಲ್ ಲೈನಿನೊಳಗೆ ಸೇರಿದ ಗಾಳಿ, ಅಂದರೆ ಏರ್ ತೆಗೆದರೆ ಚಾಲೂ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಬಂದ್. ಏರ್ ತೆಗೆದರೆ ಚಾಲೂ ಆಗುತ್ತೆ ಅಂದರೆ ಎಲ್ಲಿಂದಲೋ ಗಾಳಿ ಒಳಗೆ ಹೋಗ್ತಿದೆ ಅಂತಲೇ ಅಲ್ವಾ? ಇದು ಈಗ ಹೊಳೆಯುತ್ತೆ. ಆಗ ತಲೆಯಲ್ಲಿ ಬರೀ ಮೋಡದ ಚಿಂತೆ.

ಗಾಡಿಯನ್ನು ವಿಜಯಪುರದ ಆ ಅಂಗಡಿಗೆ ಒಯ್ದೆ. ಅಂಗಡಿಯವನು ಫಿಲ್ಟರ್ ನೋಡಲಿಲ್ಲ, ಪೈಪ್ ಮುಟ್ಟಲಿಲ್ಲ. ಚಾಲೂ ಮಾಡಿಸಿ ಒಂದು ನಿಮಿಷ ಸಪ್ಪಳ ಕೇಳಿದ. "ಎಲಿಮೆಂಟ್ ಹೋಗ್ಯಾವ್ರಿ ಅಣ್ಣಾರ. ಮೂರೂ ಹೊಸಾವ ಹಾಕಬೇಕು. ಒರಿಜಿನಲ್ ಮೈಕೋ ಹಾಕ್ತೀನಿ, ಐದ ವರ್ಷ ಪಂಪಿನ ಕಡೆ ನೋಡೂದ ಬ್ಯಾಡ." ಎಲಿಮೆಂಟ್ ಅಂದರೆ ಪಂಪಿನೊಳಗೆ ಡೀಸೆಲ್ ಒತ್ತಿ ಕಳಿಸುವ ಉಕ್ಕಿನ ಕಡ್ಡಿ (ಪ್ಲಂಜರ್) ಮತ್ತು ಅದು ಓಡಾಡುವ ಕೊಳವೆ. ಮೈಕೋ ಅನ್ನೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡಿದೆ. ನಮ್ಮ ಕಡೆ ಇನ್ನೂ ಮೈಕೋ ಅಂದರೆ ಸಾಕು, ನಂಬಿಬಿಡ್ತೀವಿ. ಡಬ್ಬಿ ತೋರಿಸು ಅಂತ ನಾನು ಕೇಳಲಿಲ್ಲ. ₹14,500. "ಫೋನ್‌ಪೇ ಬ್ಯಾಡ್ರಿ, ಕ್ಯಾಶ್ ಕೊಡ್ರಿ" ಅಂದ. ಕೊಟ್ಟೆ. ಬಿಲ್ ಬದಲು ಒಂದು ಚೀಟಿ, ಅದರಲ್ಲಿ ಅಂಗಡಿ ಹೆಸರೂ ಇಲ್ಲ.

ನಾಲ್ಕು ದಿನ ಬಿಟ್ಟು ಹೋದರೆ ಪಂಪ್ ಬೆಳ್ಳಿ ಹಾಗೆ ಹೊಳೀತಿತ್ತು. ಸಿಲ್ವರ್ ಪೇಂಟ್ ಹೊಡೆದಿದ್ದ. ನೋಡಿ ಖುಷಿಯಾಯ್ತು ನನಗೆ. ಟ್ರಯಲ್‌ನಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ಎಳೀತು. ಹೊಗೆ ಸ್ವಲ್ಪ ಕಪ್ಪು ಇತ್ತು. "ಹೊಸಾ ಎಲಿಮೆಂಟ್ರಿ, ಸೆಟ್ ಆಗಾಕ ಟೈಮ್ ಬೇಕು" ಅಂದ. ಹಳೇವು ಕೊಡಪ್ಪಾ ಅಂದೆ. "ಗುಜರಿಗೆ ಹೋದ್ವು." ಅಲ್ಲೇ ನಿಲ್ಲಬೇಕಿತ್ತು ನಾನು. ನಿಲ್ಲಲಿಲ್ಲ.

ಮೂರನೇ ದಿನ ಮತ್ತೆ ಅದೇ ಕಥೆ. ಇಪ್ಪತ್ತು ನಿಮಿಷ, ಬಂದ್. ಜೊತೆಗೆ ಇನ್ನೊಂದು ಹೊಸ ರೋಗ: ಬೆಳಿಗ್ಗೆ ತಣ್ಣಗಿದ್ದಾಗ ಚಾಲೂ ಆಗುತ್ತೆ, ಕಾದ ಮೇಲೆ ನಿಲ್ಲಿಸಿದರೆ ಏನು ಮಾಡಿದರೂ ಆಗಲ್ಲ. ಇದು ಮೊದಲು ಇರಲೇ ಇಲ್ಲ. ಫೋನ್ ಮಾಡಿದೆ. "ಓಡಿಸ್ರಿ, ಏನೂ ಆಗೂದಿಲ್ಲ." ಮರುದಿನ ಮಾಡಿದೆ. "ನಿಮ್ಮ ಡೀಸೆಲ್‌ದಾಗ ನೀರ ಐತಿ." ಆಮೇಲೆ ಫೋನ್ ಎತ್ತೋದೇ ಬಿಟ್ಟ.

ಕೊನೆಗೆ ನಮ್ಮೂರ ಹಳೇ ಮಿಸ್ತ್ರಿ ಒಬ್ಬರನ್ನು ಕರೆದೆ. ವಯಸ್ಸಾಗಿದೆ, ಈಗ ಗಾಡಿ ಕೆಲಸ ಮಾಡಲ್ಲ. ಅವರು ಪಂಪ್ ಮುಟ್ಟಲೇ ಇಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪೈಪಿನ ನಡುವೆ ಸಲೈನ್ ಪೈಪಿನಂಥ, ಒಳಗೆ ಕಾಣುವ ಒಂದು ತುಂಡು ಜೋಡಿಸಿದರು. ಚಾಲೂ ಮಾಡಿಸಿದರು. "ನೋಡೋ ತಮ್ಮಾ" ಅಂದರು. ಡೀಸೆಲ್ ಜೊತೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಹೋಗ್ತಿದ್ವು, ಸಾಸಿವೆ ಕಾಳಿನಷ್ಟು. ಟ್ಯಾಂಕ್ ಕಡೆಯ ಜಾಯಿಂಟಿನಲ್ಲಿ ತಾಮ್ರದ ವಾಷರ್ ಸವೆದಿತ್ತು. ಎಳೆಯುವ ಕಡೆ ಆದ್ದರಿಂದ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ವಾಷರ್, ನಲವತ್ತು ರೂಪಾಯಿ. ಬಂದ್ ಬೀಳೋದು ಅಲ್ಲಿಗೇ ನಿಂತಿತು.

ನಲವತ್ತು ರೂಪಾಯಿ!

ಆದರೆ ಕಾದ ಮೇಲೆ ಚಾಲೂ ಆಗದ್ದು, ಕಪ್ಪು ಹೊಗೆ, ಎರಡೂ ಹಾಗೇ ಉಳಿದವು. ಪಂಪ್ ಬಿಚ್ಚಿಕೊಂಡು ಜಮಖಂಡಿಗೆ ಒಯ್ದೆ. ಅಲ್ಲಿನವನು ನನ್ನೆದುರೇ ಪಂಪ್ ಪರೀಕ್ಷೆ ಮಾಡುವ ಬೆಂಚಿಗೆ ಹಾಕಿದ. ಮೂರು ಗಾಜಿನ ಕೊಳವೆಯಲ್ಲಿ ಡೀಸೆಲ್ ಸಮ ಏರಬೇಕು. ಎರಡು ಸಮ ಬಂದವು, ಮೂರನೇದು ಎರಡು ಬೆರಳು ಕೆಳಗೇ ನಿಂತಿತು. ಡೀಸೆಲ್ ಜಾಸ್ತಿ ಬಿಡುವ ಸ್ಕ್ರೂವಿನ ಸೀಲ್ ಒಡೆದು ಒಳಗೆ ತಿರುವಿದ್ದರು. ಟ್ರಯಲ್ ದಿನ ಗಾಡಿ ಜೋರಾಗಿ ಎಳೆದದ್ದು ಇದರಿಂದಲೇ. ಆಮೇಲೆ ಎಲಿಮೆಂಟ್ ತೆಗೆದು ಅಂಗೈ ಮೇಲೆ ಇಟ್ಟ. ಹೊಸ ಪ್ಲಂಜರ್ ಕನ್ನಡಿ ಥರ ಇರುತ್ತೆ. ಇವುಗಳ ತಲೆ ಕಡೆ, ಓರೆ ಅಂಚಿನ ಹತ್ತಿರ, ಜೋಳದ ಕಾಳಿನಷ್ಟು ಜಾಗ ಮಂಕಾಗಿ ಉದ್ದುದ್ದ ಗೀರು ಬಿದ್ದಿದ್ದವು. ಕೂದಲೆಳೆಯ ದಪ್ಪದಷ್ಟೂ ಸಂದು ಇರಬಾರದ ಜಾಗ ಅದು. ಡೀಸೆಲ್ ಕಾದು ತೆಳುವಾದರೆ ಆ ಗೀರುಗಳಲ್ಲೇ ಹಿಂದಕ್ಕೆ ಸೋರಿ ಹೋಗುತ್ತೆ, ಪ್ರೆಶರ್ ಕೂರಲ್ಲ, ಗಾಡಿ ಚಾಲೂ ಆಗಲ್ಲ.

ಹೊಸವಂತೂ ಅಲ್ಲ. ನನ್ನವೇ ಅನ್ನೋಣ ಅಂದರೆ, ಬಿಚ್ಚುವ ಮುಂಚೆ ಕಾದಾಗ ಚಾಲೂ ಆಗದ ತೊಂದರೆ ಇರಲಿಲ್ಲವಲ್ಲ? ನನ್ನ ಒಳ್ಳೆಯ ಎಲಿಮೆಂಟ್ ತೆಗೆದು ಬೇರೆಯವರ ಸವೆದದ್ದು ಹಾಕಿದರಾ? ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ಇದೇ ನನಗೆ ನಿದ್ದೆ ಕೆಡಿಸಿದ್ದು.

ಅವನ್ನೇ ಹಿಡಿದುಕೊಂಡು ವಿಜಯಪುರದ ಅಂಗಡಿಗೆ ಹೋದೆ. ಮೊದಲು "ಬ್ಯಾರೆ ಮಿಸ್ತ್ರಿ ಕೈ ಹಾಕ್ಯಾನ, ನಮ್ಮ ಗ್ಯಾರಂಟಿ ಮುಗೀತು" ಅಂದ. ನಾನು ಬಿಡಲಿಲ್ಲ. ಆಗ ನಾಲ್ಕು ಜನ ಗಿರಾಕಿಗಳ ಮುಂದೆ ಅಂದ, "ಇವು ನಾ ಹಾಕಿದ್ದವು ಅಂತ ಏನ ಗುರುತು? ಎಲಿಮೆಂಟ್ ಮ್ಯಾಲೆ ನಿಮ್ಮ ಹೆಸರ ಬರದೈತೇನ್ರಿ?" ಎಲ್ಲರೂ ನನ್ನ ಕಡೆ ನೋಡಿದರು. ಬಾಯಿಗೆ ಮಾತೇ ಬರಲಿಲ್ಲ.

ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ನನ್ನ ಕೈಯಲ್ಲಿ ಬಿಲ್ ಇಲ್ಲ, ಕ್ಯಾಶ್ ಕೊಟ್ಟದ್ದಕ್ಕೆ ಗುರುತಿಲ್ಲ. ಆ ಚೀಟಿ ಹಿಡಿದು ಏನಂತ ಹೇಳಲಿ?

ಮೊದಲು ಪೈಪ್, ವಾಷರ್, ಫಿಲ್ಟರ್ ನೋಡಿಸಿ. ಪಂಪ್ ಬಿಚ್ಚಲೇಬೇಕು ಅಂದರೆ ಸೀಲಿನ ಫೋಟೋ ತೆಗೆದುಕೊಳ್ಳಿ, ಬೆಂಚಿನ ಎದುರು ನೀವೇ ನಿಲ್ಲಿ, ಹಳೇ ಎಲಿಮೆಂಟ್ ಕೈಗೆ ಬರುವವರೆಗೆ ಒಂದು ರೂಪಾಯಿ ಕೊಡಬೇಡಿ. ಕ್ಯಾಶ್ ಕೊಡಲೇಬೇಡಿ.

ಜಮಖಂಡಿಯಲ್ಲಿ ಹೊಸ ಎಲಿಮೆಂಟ್ ಹಾಕಿಸಿದೆ. ಡಬ್ಬಿ ನನ್ನೆದುರೇ ಒಡೆದರು, ಬಿಲ್ ಕೊಟ್ಟರು. ಆ ಸವೆದ ಮೂರನ್ನು ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸ್‌ನಲ್ಲಿ ಇಟ್ಟಿದ್ದೇನೆ. ಇತ್ತೀಚೆಗೆ ವಿಜಯಪುರದಲ್ಲಿ ಪಂಪ್ ಮಾಡಿಸಿ, ಕಾದ ಮೇಲೆ ಗಾಡಿ ಚಾಲೂ ಆಗ್ತಿಲ್ಲ ಅನ್ನುವವರು ಯಾರಾದರೂ ಇದ್ದರೆ ನನಗೆ ತಿಳಿಸಿ. ನನ್ನ ಎಲಿಮೆಂಟ್ ಯಾರ ಪಂಪಿನಲ್ಲಿದೆಯೋ, ಈ ಮೂರು ಯಾರವೋ, ಅದು ನನಗೆ ಗೊತ್ತಾಗಬೇಕು.