ಓದಲು ಪರದೇಶಕ್ಕೆ ಹೋದವರಿಗೆ ಕ್ಯಾಂಪಸ್ ಕೌನ್ಸೆಲಿಂಗ್: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕಾಲೇಜಿನ ಕೌನ್ಸೆಲಿಂಗ್ ಕೇಂದ್ರ ಒಳ್ಳೆಯ ಮೊದಲ ಮೆಟ್ಟಿಲು. ಅದನ್ನೇ ಪೂರ್ತಿ ಚಿಕಿತ್ಸೆ ಅಂದುಕೊಂಡರೆ ನಿರಾಸೆಯಾಗುತ್ತದೆ. ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ವಿಚಾರಿಸುವುದಷ್ಟೇ. ಹಲವು ಕಡೆ ಪಿಎಚ್‌ಕ್ಯೂ-9 ಅನ್ನುವ ಫಾರ್ಮ್ ಕೊಡುತ್ತಾರೆ: ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 10 ಅಥವಾ ಹೆಚ್ಚು ಬಂದರೆ ಖಿನ್ನತೆ ಇದೆಯೇ ಎಂದು ಇನ್ನಷ್ಟು ಕೇಳುತ್ತಾರೆ.

ಎಡವಟ್ಟಾಗುವುದು ಇಲ್ಲೇ. ವೀಸಾಕ್ಕೆ ತೊಂದರೆಯಾದೀತು, ವಿಭಾಗಕ್ಕೆ ಸುದ್ದಿ ಹೋದೀತು ಎಂದು ಹೆದರಿ ಎಲ್ಲದಕ್ಕೂ 0 ಹಾಕಿದರೆ, ತುರ್ತೇನಿಲ್ಲ ಅಂತ ಸರದಿಯಲ್ಲಿ ಹಿಂದೆ ಬೀಳಬಹುದು. ಯಾವ ಸಂದರ್ಭದಲ್ಲಿ ಮಾಹಿತಿ ಹೊರಗೆ ಹೋಗುತ್ತದೆ ಎಂದು ಫಾರ್ಮ್ ತುಂಬುವ ಮೊದಲೇ ಕೇಳಿ. ಜೀವಕ್ಕೆ ಅಪಾಯವಿದ್ದಾಗ ಎಂಬುದು ಸಾಮಾನ್ಯ ಉತ್ತರ. ನಿದ್ದೆ, ಹಸಿವು, ಸುಸ್ತಿಗೂ ಅಂಕ ಇದೆ. ಮನಸ್ಸಿನ ಮಾತು ಆಡಲು ಸಂಕೋಚವಾದರೆ ಅವುಗಳಿಂದಲೇ ಶುರುಮಾಡಿ, ಏನೂ ತಪ್ಪಿಲ್ಲ.

ದೊಡ್ಡ ಕೊರತೆ ರಜೆಯಲ್ಲಿ ಕಾಣುತ್ತದೆ. ಊರಿಗೆ ಬಂದರೆ ವಿಡಿಯೊ ಸೆಷನ್ ನಿಂತುಹೋಗಬಹುದು, ಏಕೆಂದರೆ ಕೌನ್ಸೆಲರ್ ಪರವಾನಗಿ ಬೇರೆ ದೇಶದಲ್ಲಿ ನಡೆಯದಿರಬಹುದು. ಒಟ್ಟು ಎಷ್ಟು ಸೆಷನ್, ದುಭಾಷಿ ಸಿಗುತ್ತಾರೆಯೇ, ಹೊರಗಿನ ವೈದ್ಯರ ಖರ್ಚನ್ನು ವಿಮೆ ಭರಿಸುತ್ತದೆಯೇ, ಇವನ್ನು ಮೊದಲ ದಿನವೇ ಕೇಳಿಬಿಡಿ. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ; ನೀವಿರುವ ದೇಶದ ತುರ್ತು ಸಂಖ್ಯೆಗೆ ಕೂಡಲೇ ಕರೆ ಮಾಡಿ.