ಗ್ಲಾಸ್‌ವೂಲಾ, ಥರ್ಮಾಕೋಲಾ, ಪಫ್ಪಾ? ಒಂದೇ ಕಂಟೇನರಿನಲ್ಲಿ ಮೂರೂ

ತೀರ್ಥಹಳ್ಳಿ ಹತ್ತಿರದ ತೋಟದಲ್ಲಿ 40 ಅಡಿಯ ಹೈಕ್ಯೂಬ್ (ಎತ್ತರ ಹೆಚ್ಚಿರುವ) ಸರಕಿನ ಕಂಟೇನರ್ ತಂದು ಮನೆ ಮಾಡಿಕೊಂಡೆವು. ಸೆಕೆ ತಡೆಯಲು ಅದರ ತಗಡಿಗೆ ಒಳಗಿಂದ ಮೂರು ಬಗೆಯ ಹೊದಿಕೆ ಹಾಕಿಸಿದೆವು. ಮಲಗುವ ಕೋಣೆಗೆ ಗ್ಲಾಸ್‌ವೂಲ್ (ಗಾಜಿನ ಎಳೆಯ ಹತ್ತಿಯಂಥದು), ಅಡುಗೆಮನೆಗೆ ಥರ್ಮಾಕೋಲ್, ಹಾಲ್‌ಗೆ ಪಫ್ (ಪಾಲಿಯುರೆಥೇನ್ ನೊರೆ) ಸ್ಪ್ರೇ. ದುಡ್ಡು ಕೈಗೆ ಬಂದ ಹಾಗೆ ಒಂದೊಂದೇ ಮಾಡಿಸಿದ್ದರಿಂದ ಹೀಗಾಯಿತು. ಎರಡು ಮಳೆಗಾಲ ಕಳೆದಿವೆ, ವ್ಯತ್ಯಾಸ ಈಗ ಚೆನ್ನಾಗಿ ಗೊತ್ತಾಗಿದೆ.

ಬಂದವರೆಲ್ಲ ಮೊದಲು ಕೇಳುವುದು ಸೆಕೆ ಬಗ್ಗೆ. ಅದರಲ್ಲಿ ಗ್ಲಾಸ್‌ವೂಲ್ ಕಡಿಮೆಯೇನಲ್ಲ. 3 ಇಂಚು ಗ್ಲಾಸ್‌ವೂಲ್ ಸುಮಾರು 2 ಇಂಚು ಪಫ್‌ಗೆ ಸಮ. ಮೇಲೆ ಒಂದಡಿ ಗಾಳಿ ಬಿಟ್ಟು ತಗಡಿನ ಮಾಡು ಹೊದಿಸಿದ್ದೇವೆ, ಏಪ್ರಿಲ್ ಬಿಸಿಲಿಗೆ ಅದೇ ದೊಡ್ಡ ರಕ್ಷಣೆ. ನಿಜವಾದ ತಲೆನೋವು ನೀರು.

ಡಿಸೆಂಬರಿನ ಒಂದು ಬೆಳಿಗ್ಗೆ ಮಂಚದ ತಲೆದೆಸೆಯ ಜಿಪ್ಸಮ್ ಬೋರ್ಡ್ ಮೇಲೆ ಅಂಗೈಯಗಲ ಕಂದು ಕಲೆ. ಸೋರುತ್ತಿದೆ ಅಂದುಕೊಂಡು ಮೇಲೆ ಹತ್ತಿ ನೋಡಿದರೆ ಎಲ್ಲೂ ತೂತಿಲ್ಲ. ಬೋರ್ಡ್ ಬಿಚ್ಚಿದೆವು. ಕಂಟೇನರ್ ತಗಡಿನ ಒಳಮೈ ತುಂಬ ಹನಿ, ಫ್ರಿಜ್‌ನಿಂದ ಆಗಷ್ಟೇ ತೆಗೆದ ಚೊಂಬಿನ ಹಾಗೆ. ಗ್ಲಾಸ್‌ವೂಲ್ ಒದ್ದೆಯಾಗಿ, ತನ್ನ ಭಾರಕ್ಕೇ ಒಂದು ಗೇಣು ಕೆಳಗೆ ಜಾರಿತ್ತು. ಬೋರ್ಡಿನ ಹಿಂದೆ ಕಪ್ಪು ಬೂಷ್ಟು. ರಾತ್ರಿ ತಗಡು ತಣ್ಣಗಾಗುತ್ತದೆ. ನಮ್ಮ ಉಸಿರು, ಅಡುಗೆಯ ಹಬೆ ಎಲ್ಲ ಗ್ಲಾಸ್‌ವೂಲ್ ಒಳಗಿಂದ ನುಸುಳಿ ಅದಕ್ಕೆ ತಾಗಿ ನೀರಾಗುತ್ತದೆ. ಒದ್ದೆಯಾದ ಮೇಲೆ ಗ್ಲಾಸ್‌ವೂಲ್ ಇದ್ದೂ ಇಲ್ಲದ ಹಾಗೆ.

ಥರ್ಮಾಕೋಲ್ ಅಗ್ಗ, ಅಷ್ಟಾಗಿ ನೀರು ಹೀರುವುದಿಲ್ಲ. ಆದರೆ ಕಂಟೇನರ್ ಗೋಡೆ ಅಲೆ ಅಲೆ, ಶೀಟ್ ಚಪ್ಪಟೆ. ನಡುವಿನ ಸಂದಿಯಲ್ಲಿ ಅದೇ ಬೆವರು, ಜೊತೆಗೆ ಇರುವೆ ಗೂಡು. ವೈರ್ ನೇರವಾಗಿ ತಾಗಿದರೆ ಅದರ ಪ್ಲಾಸ್ಟಿಕ್ ಹೊದಿಕೆ ವರ್ಷ ಕಳೆದಂತೆ ಪೆಡಸಾಗುತ್ತದೆ. ಪೈಪ್ ಒಳಗೇ ಎಳೆಸಿ.

ಪಫ್ ತಗಡಿಗೇ ಅಂಟಿ ಉಬ್ಬಿ ಗುಳಿಯನ್ನೆಲ್ಲ ತುಂಬುತ್ತದೆ. ಒಳಗಿನ ಗಾಳಿ ತಗಡನ್ನು ಮುಟ್ಟುವುದೇ ಇಲ್ಲ ಅಂದ ಮೇಲೆ ಬೆವರೆಲ್ಲಿಂದ ಬರಬೇಕು, ಅಲ್ವಾ? ಸ್ವಿಚ್ ಬಾಕ್ಸ್ ಹತ್ತಿರ ಕೊರೆದು ನೋಡಿದೆ, ತಗಡು ಒಣಗಿಯೇ ಇತ್ತು. ಕ್ಲೋಸ್ಡ್ ಸೆಲ್ (ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ ಗಟ್ಟಿ ನೊರೆ) ಅಂತಲೇ ಕೇಳಿ ಹೊಡೆಸಿ. ಸ್ಪಂಜಿನಂಥ ಮೆತ್ತಗಿನದು ತೇವ ಬಿಟ್ಟುಕೊಳ್ಳುತ್ತದೆ. ಪಫ್‌ನಿಂದ ಜಾಗವೂ ಉಳಿಯುತ್ತದೆ. ಕಂಟೇನರಿನ ಒಳ ಅಗಲವೇ ಸುಮಾರು 7 ಅಡಿ 8 ಇಂಚು. ಗ್ಲಾಸ್‌ವೂಲ್ ಕೋಣೆಯಲ್ಲಿ ಎರಡೂ ಕಡೆ ಸೇರಿ 8 ಇಂಚು ಹೋಯಿತು, ಹಾಲ್‌ನಲ್ಲಿ 5.

ಪಫ್ ಖರ್ಚು ಮಾತ್ರ ಗ್ಲಾಸ್‌ವೂಲ್‌ನ ಎರಡು ಪಟ್ಟಿಗಿಂತ ಜಾಸ್ತಿ ಬಂತು. ಹೊಡೆದ ಮೇಲೆ ವೈರಿಂಗ್ ಬದಲಿಸುವುದು ಕಷ್ಟ. ಬೆಂಕಿ ತಗುಲಿದರೆ ಕೆಟ್ಟ ಹೊಗೆ ಬರುತ್ತದೆ, ಹಾಗಾಗಿ ಸುಮ್ನೆ ಬಣ್ಣ ಬಳಿದು ಬಿಡಬೇಡಿ. ನಾವು ಸಿಮೆಂಟ್ ಬೋರ್ಡ್ ಮುಚ್ಚಿದ್ದೇವೆ. ಮಲೆನಾಡಿನ ತೇವಕ್ಕೆ ಜಿಪ್ಸಮ್ ಬೇಡವೇ ಬೇಡ.

ಮುಂದಿನ ಮಳೆಗಾಲದೊಳಗೆ ಮಲಗುವ ಕೋಣೆಗೂ ಪಫ್ ಹೊಡೆಸುತ್ತೇವೆ. ಅಲ್ಲಿಯವರೆಗೆ ಮಂಚ ಹಾಲ್‌ನಲ್ಲೇ.